ಮಕ್ಕಳ ಹಾಡೂ ಕಡಲ ಮೊರೆತವೂ

ಪಾಶ್ಚಾತ್ಯ ದೇಶಗಳ ಶಿಶುಶಾಲೆಗಳಲ್ಲಿ ಎಳೆಯ ಮಕ್ಕಳಿಗೆ ನಾಡಹಾಡುಗಳನ್ನು ಕಲಿಸುವಾಗ, ಅದರ ಜೊತೆಯಲ್ಲಿಯೇ ಕಡಲತೀರದ ಸದ್ದುಗಳನ್ನು ಮಕ್ಕಳ ಕೈಯಿಂದಲೇ ಹುಟ್ಟಿಸುವ ಪಾಠವೊಂದು ಬಳಕೆಯಲ್ಲಿದೆ. ಚಪ್ಪಟೆಯಾದ ಚರ್ಮವಾದ್ಯವೊಂದರ ಒಳಗೆ ಸಣ್ಣ ಗುಂಡುಗಳನ್ನು ತುಂಬಿ ಅತ್ತಿತ್ತ ಓಲಾಡಿಸಿದರೆ ತೆರೆಯ ಸದ್ದು. ಕಾಗದವನ್ನು ಮುದುರಿದರೆ ನೊರೆಯ ಸದ್ದು. ಕೆಲವು ಮಕ್ಕಳು ಗಾಳಿಯಂತೆ ಊದುವರು, ಕೆಲವರು ಕಡಲಹಕ್ಕಿಯಂತೆ ಕೂಗುವರು. ಇವೆಲ್ಲ ಸೇರಿ ನಡೆಯುತ್ತಿರುವಾಗ ನಾವಿಕರ ಹಾಡೊಂದನ್ನು ಎತ್ತಿಕೊಳ್ಳುವುದು ಕ್ರಮ. ಒಂದು ಸ್ಥಳದ ಸದ್ದುಗಳ ಒಟ್ಟು ಮೇಳಕ್ಕೆ ‘ಸೌಂಡ್‌ಸ್ಕೇಪ್’ ಎಂಬ ಮಾತನ್ನು ಪ್ರಚುರಪಡಿಸಿದವನು ಕೆನಡಾ ದೇಶದ ಸಂಗೀತಜ್ಞ ಮರೀ ಶೇಫರ್ (೧೯೩೩–೨೦೨೧). ಈತನು ೧೯೬೭ರಲ್ಲಿ ‘ಇಯರ್ ಕ್ಲೀನಿಂಗ್’ ಎಂಬ ಹೊತ್ತಗೆಯನ್ನು ಪ್ರಕಟಿಸಿ, ಸಂಗೀತವನ್ನು ಕಲಿಸುವುದಕ್ಕೆ ಮೊದಲು ಕಿವಿಯನ್ನು ತೊಳೆಯಬೇಕೆಂದು ಸಾರಿದನು. ಕನ್ನಡದಲ್ಲಿ ಇದನ್ನು ಧ್ವನಿಚಿತ್ರವೆಂದು ಕರೆದರೆ ಬಾಧಕವಿಲ್ಲ. ಆದರೆ ಅಲಂಕಾರಶಾಸ್ತ್ರವನ್ನು ಓದಿದವರು ಇಲ್ಲಿ ಆನಂದವರ್ಧನನ ಧ್ವನಿಯನ್ನು ಹುಡುಕತೊಡಗಬಾರದು. ಇದು ಕಿವಿಗೆ ಬೀಳುವ ಬರಿಯ ಸದ್ದು.

ಇಂತಹ ಪಾಠವನ್ನು ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಎಂಬ ನಾಲ್ಕು ತಾಲ್ಲೂಕುಗಳಿಗೆ ತಂದರೆ ಏನಾದೀತು ಎಂಬುದು ವಿಚಾರಾರ್ಹವಾಗಿದೆ. ಮಂಗಳೂರಿನ ಕಡಲತೀರದಲ್ಲಿ ಸುರಿಯುವ ಮಳೆಯ ಐದರಲ್ಲೊಂದು ಪಾಲೂ ಈ ಸೀಮೆಯಲ್ಲಿ ಬೀಳುವುದಿಲ್ಲ. ಕಲ್ಲುಬೆಟ್ಟ, ಬಯಲು, ಕೆರೆಯಂಗಳ, ಹುಣಿಸೆ, ಹೊಂಗೆ, ಇವೇ ಇಲ್ಲಿಯ ಮಗುವಿನ ಪ್ರಪಂಚ. ಕಡಲನ್ನು ಕಾಣದ, ಅದರ ಸದ್ದನ್ನು ಕೇಳದ ಮಗುವು ಕಡಲನ್ನು ಅನುಕರಿಸಿದರೆ ಅದು ಅನುಕರಣವೋ, ಅನುಕರಣದ ಅನುಕರಣವೋ? ಉಪಾಧ್ಯಾಯರು ಮೊಬೈಲು ಫೋನಿನಲ್ಲಿ ತೆರೆಯ ಸದ್ದನ್ನು ಹಚ್ಚಿ, ಮಕ್ಕಳು ಅದನ್ನು ಒಪ್ಪಿಸಿದರೆ, ತೊಳೆಯಬೇಕೆಂದಿದ್ದ ಕಿವಿಗೆ ಮತ್ತೊಂದು ಪದರ ಮೇಣ ಮೆತ್ತಿದಂತಾಗುವುದು.

ಇದಕ್ಕೆ ಪೂರ್ವಪಕ್ಷವಾಗಿ ಒಂದು ಮಾತನ್ನು ಹೇಳಬಹುದು. ಕಾಣದ ಕಡಲನ್ನು ಕಲಿಸುವುದು ಈ ದೇಶಕ್ಕೆ ಹೊಸತೇನೂ ಅಲ್ಲ. ಅಷ್ಟಾದಶವರ್ಣನೆಗಳಲ್ಲಿ ಸಮುದ್ರವರ್ಣನೆಯೂ ಒಂದು. ಕಡಲಿಗೆ ನೂರಾರು ಹರಿದಾರಿ ದೂರದಲ್ಲಿದ್ದ ಕವಿಗಳೂ ಅದನ್ನು ಬಿಡಲಿಲ್ಲ. ಉಜ್ಜಯಿನಿಯವನೆಂದು ಪ್ರಸಿದ್ಧನಾದ ಕಾಳಿದಾಸನು ರಘುವಂಶದ ಹದಿಮೂರನೆಯ ಸರ್ಗದಲ್ಲಿ ಪುಷ್ಪಕವಿಮಾನದಿಂದ ರಾಮನು ಸೀತೆಗೆ ತೋರಿಸುವ ಕಡಲನ್ನು ವರ್ಣಿಸಿದ್ದಾನೆ. ತಿಮಿಗಳು ತಲೆಯ ರಂಧ್ರದಿಂದ ನೀರು ಚಿಮ್ಮಿಸುವುದನ್ನು ಸಹ ಬಿಟ್ಟಿಲ್ಲ. ಬಯಲುಸೀಮೆಯ ಸಂಸ್ಕೃತ ಪಾಠಶಾಲೆಗಳಲ್ಲಿ ಓದಿದ ಹುಡುಗರು ಬಾವಿಯ ನೀರನ್ನಷ್ಟೇ ಕಂಡವರಾಗಿದ್ದರೂ ಈ ಸರ್ಗವನ್ನು ಬಾಯಿಪಾಠ ಮಾಡಿ, ಅನ್ವಯ ಹೇಳಿ, ಕಡಲಿಗೆ ಸಂಸ್ಕೃತದಲ್ಲಿರುವ ಹೆಸರುಗಳನ್ನೆಲ್ಲ ಅಮರದಿಂದ ಒಪ್ಪಿಸುತ್ತಿದ್ದರು. ಹಾಗಿರುವಾಗ ಈಗಿನ ಮಗುವಿಗೆ ಮಾತ್ರ ಕಡಲು ಏಕೆ ಬೇಡ?

ಬೇಡವೆಂದಲ್ಲ. ಆದರೆ ಮಹಾಕಾವ್ಯಗಳ ಕಡಲು ಬಹುಮಟ್ಟಿಗೆ ಕಣ್ಣಿನ ಕಡಲು. ಅದರಲ್ಲಿ ರತ್ನಗಳಿವೆ, ಹವಳವಿದೆ, ಬಡಬಾಗ್ನಿಯಿದೆ, ಮಂದರದ ನೆನಪಿದೆ. ಸದ್ದಿನ ವಿಷಯ ಬಂದಾಗ ‘ಗಂಭೀರ’ವೆಂತಲೋ ‘ಘೋಷ’ವೆಂತಲೋ ಒಂದು ಮಾತಿನಲ್ಲಿ ಮುಗಿದುಹೋಗುತ್ತದೆ. ಪ್ರೌಢನಾದ ಓದುಗನಿಗೆ ಅಷ್ಟು ಸಾಕು. ಐದು ವರುಷದ ಮಗುವಿಗೆ ವಿಶೇಷಣವು ಏನನ್ನೂ ಕೊಡಲಾರದು. ಅದಕ್ಕೆ ಸದ್ದೇ ಬೇಕು.

ಕನ್ನಡದಲ್ಲಿ ಈ ಸದ್ದನ್ನು ಮಕ್ಕಳ ಬಾಯಿಗೆ ಕೊಟ್ಟವರಲ್ಲಿ ಅಗ್ರಗಣ್ಯರು ದಿವಂಗತ ಪಂಜೆ ಮಂಗೇಶರಾಯರು (೧೮೭೪–೧೯೩೭). ಬಂಟವಾಳದಲ್ಲಿ ಹುಟ್ಟಿ, ಮಂಗಳೂರಿನಲ್ಲಿ ಬಹುಕಾಲವಿದ್ದು, ‘ಕವಿಶಿಷ್ಯ’ನೆಂಬ ಹೆಸರಿನಲ್ಲಿ ಬರೆದ ಈ ಉಪಾಧ್ಯಾಯರು ೧೯೩೪ರ ರಾಯಚೂರಿನ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು. ಅವರ ‘ತೆಂಕಣ ಗಾಳಿಯಾಟ’ವು ಕಡಲ ಕಡೆಯ ಬಿರುಗಾಳಿಯ ಪದ್ಯ. ಆ ಪದ್ಯವನ್ನು ಪ್ರಕೃತಿವರ್ಣನೆಯೆಂದು ಪಾಠ ಹೇಳುವುದು ವಾಡಿಕೆ. ಅದರ ನಿಜವಾದ ಹೆಚ್ಚುಗಾರಿಕೆ ಬೇರೆಡೆಯಲ್ಲಿದೆ. ಗಾಳಿಗೆ ರೂಪವಿಲ್ಲ, ಕವಿಯು ಅದನ್ನು ಮೊದಲು ಕಾಣಿಸುವುದಿಲ್ಲ, ಕೇಳಿಸುತ್ತಾರೆ. ದೂರದ ಸದ್ದು, ಅದು ಏನಿರಬಹುದೆಂಬ ಸಂದೇಹ, ಹತ್ತಿರ ಹತ್ತಿರ ಬರುವ ಭೀತಿ, ಬಂದಮೇಲೆ ಹಾವಳಿ, ಹೀಗೆ ಪದ್ಯದ ನಡೆಯೇ ಗಾಳಿಯ ನಡೆಯಾಗಿದೆ. ಸಸಂದೇಹಾಲಂಕಾರವು ಪ್ರೌಢಕಾವ್ಯಗಳಲ್ಲಿ ಬುದ್ಧಿಯ ಆಟವಾದರೆ, ಇಲ್ಲಿ ಹೆದರಿದ ಮಗುವು ಕದದ ಹಿಂದೆ ನಿಂತು ಕಿವಿಗೊಡುವ ಸ್ಥಿತಿಯೇ ಆಗಿದೆ. ಆ ಪದ್ಯವನ್ನು ಮೌನವಾಗಿ ಓದಿದವನು ಅರ್ಧವನ್ನು ಮಾತ್ರ ಓದಿದಂತೆ.

ಇದು ಸಾಧ್ಯವಾದದ್ದು ಅನುಕರಣ ಶಬ್ದಗಳಿಂದ. ಪಾಣಿನಿಯ ಶಾಸ್ತ್ರದಲ್ಲಿ ಇದಕ್ಕೆ ಅವ್ಯಕ್ತಾನುಕರಣವೆಂದು ಹೆಸರು. ಅಕ್ಷರಗಳಾಗಿ ಬಿಡಿಸಲಾಗದ ಸದ್ದನ್ನು ಅಕ್ಷರಗಳಲ್ಲಿ ಹಿಡಿಯುವುದು. ಸಂಸ್ಕೃತಕ್ಕಿಂತ ಕನ್ನಡದಲ್ಲಿ ಇಂತಹ ಮಾತುಗಳ ಸಂಪತ್ತು ಹೆಚ್ಚು. ಗಾಳಿ ಸುಯ್ಯೆನ್ನುವುದು, ಭೋರೆನ್ನುವುದು, ರೊಯ್ಯೆನ್ನುವುದು, ಇವು ಮೂರೂ ಒಂದೇ ಅಲ್ಲವೆಂಬುದನ್ನು ಹಳ್ಳಿಯ ಯಾವ ಮುದುಕಿಯಾದರೂ ಹೇಳಬಲ್ಲಳು. ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ಶಬ್ದವು ನಾಭಿಮೂಲದಲ್ಲಿ ಕಹಳೆಯ ಹಾಗೆ ಹುಟ್ಟುತ್ತದೆಂದೂ ಅದರ ಬಣ್ಣ ಬಿಳುಪೆಂದೂ ಹೇಳಿದ್ದಾನೆ. ಬಣ್ಣದ ವಿಚಾರವನ್ನು ಬಲ್ಲವರು ನೋಡಿಕೊಳ್ಳಲಿ. ನಾಭಿಯಿಂದ ಬರುವ ಕಹಳೆಯ ಮಾತನ್ನು ಮಾತ್ರ ಮೊದಲ ತರಗತಿಯ ಮಕ್ಕಳು ಹಾಡುವಾಗ ಯಾರಾದರೂ ಪರೀಕ್ಷಿಸಬಹುದು. ಜಿ. ಪಿ. ರಾಜರತ್ನಂ ಅವರ ತುತ್ತೂರಿಯ ಪದ್ಯವು ಮಕ್ಕಳಿಗೆ ಪ್ರಿಯವಾದದ್ದೂ ಇದರಿಂದಲೇ. ನೀರಿಗೆ ಬೀಳುವ ಮೊದಲು ಆ ತುತ್ತೂರಿ ಸಪ್ತಸ್ವರಗಳನ್ನು ಊದುತ್ತದೆ, ಬಿದ್ದಮೇಲೆ ಅದರ ಗಂಟಲು ಕಟ್ಟುತ್ತದೆ. ಜಂಬದ ಹುಡುಗನ ಕಥೆಯೆಲ್ಲ ಸದ್ದಿನ ಈ ಮಾರ್ಪಾಡಿನಲ್ಲಿಯೇ ಅಡಗಿದೆ. ಆ ಪದ್ಯದ ಕೊನೆಗೆ ನೀತಿಯನ್ನು ಅಂಟಿಸಿ ಪ್ರಶ್ನೆ ಕೇಳುವ ಉಪಾಧ್ಯಾಯರು ಆ ಕಟ್ಟಿದ ಗಂಟಲನ್ನು ಕೇಳಿಸಿಕೊಂಡಿಲ್ಲವೆಂದೇ ತಿಳಿಯಬೇಕು.

ಈಗ ಪಂಜೆಯವರ ಗಾಳಿಯನ್ನು ಶಿರಾ ಸೀಮೆಯ ಮಗುವಿಗೆ ಹೇಗೆ ಕಲಿಸಬೇಕು? ಇಲ್ಲಿ ಪ್ರಕೃತಿಯೇ ಒಂದು ದಾರಿಯನ್ನು ಮಾಡಿಕೊಟ್ಟಿದೆ. ಆಷಾಢದಲ್ಲಿ ಈ ಬಯಲಿನ ಮೇಲೆ ಹಗಲಿರುಳು ಬೀಸುವ ಗಾಳಿಯು ಬೇರೆಲ್ಲಿಂದಲೂ ಬಂದುದಲ್ಲ. ಪಶ್ಚಿಮದ ಕಡಲಿನಿಂದ ಹೊರಟು, ಕರಾವಳಿಯಲ್ಲಿಯೂ ಘಟ್ಟದಲ್ಲಿಯೂ ತನ್ನ ನೀರಿನ ಬಹುಪಾಲನ್ನು ಸುರಿದು, ಹಗುರವಾಗಿ ಇತ್ತ ಬರುವ ಮುಂಗಾರು ಮಾರುತವೇ ಅದು. ಮಕ್ಕಳು ಗಾಳಿಪಟ ಹಾರಿಸುವುದೂ, ಹೆಂಗಸರು ಸೆರಗು ಬಿಗಿದು ನಡೆಯುವುದೂ, ಬಾಗೆಮರದ ಒಣಕಾಯಿಗಳು ಗಲಗಲನೆ ಅಲ್ಲಾಡುವುದೂ ಕಡಲಿನ ಗಾಳಿಯಿಂದಲೇ. ಕಡಲ ನೀರು ಈ ಸೀಮೆಗೆ ಬರದಿದ್ದರೂ ಕಡಲ ಉಸಿರು ವರುಷವರುಷವೂ ಬರುತ್ತಿದೆ. ಆದುದರಿಂದ ಪಂಜೆಯವರ ಪದ್ಯವನ್ನು ಆಷಾಢದಲ್ಲಿ, ಶಾಲೆಯ ಕಿಟಕಿಗಳನ್ನು ತೆರೆದು, ಮಕ್ಕಳನ್ನು ಎರಡು ನಿಮಿಷ ಮಾತಿಲ್ಲದೆ ಕೂರಿಸಿ, ಕೇಳಿದ್ದನ್ನು ಅವರ ಬಾಯಿಂದಲೇ ಹೊರಡಿಸಿದ ತರುವಾಯ ಎತ್ತಿಕೊಳ್ಳುವುದು ಉಚಿತ. ಪಠ್ಯಕ್ರಮದಲ್ಲಿ ಅದು ಮಾಘಮಾಸದಲ್ಲಿ ಬಂದರೆ ಆ ಪಾಠವು ಸತ್ತಂತೆಯೇ.

ಗಾಳಿಯಾಯಿತು, ತೆರೆಯ ಗತಿಯೇನು? ಪಾಶ್ಚಾತ್ಯರು ಅಂಗಡಿಯಿಂದ ಕೊಂಡುತರುವ ಆ ಗುಂಡು ತುಂಬಿದ ವಾದ್ಯವು ಈ ತಾಲ್ಲೂಕುಗಳ ಮನೆಮನೆಯಲ್ಲಿಯೂ ಇದೆ. ಅದಕ್ಕೆ ಮೊರವೆಂದು ಹೆಸರು. ಎರಡು ಹಿಡಿ ರಾಗಿಯನ್ನು ಹಾಕಿ ಮೊರವನ್ನು ಮೆಲ್ಲನೆ ಒಂದು ಕಡೆಗೆ ಬಾಗಿಸಿದರೆ ಕಾಳು ಸರ್ರನೆ ಜಾರಿ ಅಂಚಿಗೆ ಮುಟ್ಟಿ ನಿಲ್ಲುವುದು. ಮತ್ತೆ ಇತ್ತ ಬಾಗಿಸಿದರೆ ಹಿಂದಿರುಗುವುದು. ಹತ್ತು ಎಣಿಸುವಷ್ಟು ಹೊತ್ತಿನಲ್ಲಿ ಒಂದು ಸಲ ಹೋಗಿ ಬಂದರೆ, ಮರಳ ಮೇಲೆ ಏರಿ ಇಳಿಯುವ ತೆರೆಗೂ ಇದಕ್ಕೂ ಕಿವಿಯು ಅಷ್ಟಾಗಿ ಭೇದವನ್ನು ಕಾಣದು. ರಾಗಿಗೆ ಬದಲು ಹುಣಿಸೆಬೀಜವನ್ನು ಹಾಕಿದರೆ ಕಲ್ಲುದಡದ ತೆರೆ. ಮೊರೆಯುವ ಕಡಲಿಗೂ ಮೊರಕ್ಕೂ ಇರುವ ಅಕ್ಷರಸಾಮ್ಯವು ಬರಿಯ ಕಾಕತಾಳೀಯ. ಅದರಿಂದ ವ್ಯುತ್ಪತ್ತಿಯನ್ನು ಹೊರಡಿಸುವ ಸಾಹಸ ಬೇಡ. ಸದ್ದಿನ ಸಾಮ್ಯಕ್ಕಾದರೋ ಕಾರಣವುಂಟು. ತೆರೆ ಒಡೆಯುವಾಗ ನೀರಿನೊಳಗೆ ಸಿಕ್ಕಿಕೊಳ್ಳುವ ಅಸಂಖ್ಯಾತ ಗಾಳಿಗುಳ್ಳೆಗಳು ಒಂದೊಂದೂ ತನ್ನ ಗಾತ್ರಕ್ಕೆ ತಕ್ಕ ಸ್ವರದಲ್ಲಿ ಮಿಡಿಯುತ್ತವೆ. ಗುಳ್ಳೆ ದೊಡ್ಡದಾದಷ್ಟೂ ಸ್ವರ ತಗ್ಗೆಂಬುದನ್ನು ೧೯೩೩ರಲ್ಲಿ ಮಿನ್ನಾರ್ಟ್ ಎಂಬ ವಿಜ್ಞಾನಿಯು ಗಣಿತದಿಂದ ತೋರಿಸಿದನು. ಮೊರದಲ್ಲಿಯೂ ಸಾವಿರ ಕಾಳುಗಳ ಸಾವಿರ ಸಣ್ಣ ಸದ್ದುಗಳು ಕೂಡಿ ಒಂದೇ ಮೊರೆತವಾಗುತ್ತವೆ. ಬಿಡಿಬಿಡಿಯಾಗಿ ಕೇಳದ್ದು ಒಟ್ಟಾಗಿ ಕೇಳುವುದೆಂಬ ತತ್ತ್ವವನ್ನು ಮಗುವು ಹೆಸರಿಲ್ಲದೆಯೇ ಕೈಯಿಂದ ತಿಳಿಯುತ್ತದೆ. ಕೊಂಡುತಂದ ವಾದ್ಯಕ್ಕಿಂತ ಮೊರದಲ್ಲಿ ಹೆಚ್ಚಾದ ಗುಣ ಇನ್ನೊಂದಿದೆ: ಅದನ್ನು ಅಜ್ಜಿಯ ಕೈಯಲ್ಲಿ ಮಗುವು ಮೊದಲೇ ಕಂಡಿದೆ, ಕೇಳಿದೆ. ಕೇರುವಾಗಿನ ಅಜ್ಜಿಯ ಪದವೂ ಆ ಸದ್ದಿನ ಜೊತೆಗೇ ಇದೆ.

ಸಮುದ್ರವೆಂಬ ಮಾತು ಕೂಡ ಈ ಸೀಮೆಗೆ ಪರಕೀಯವಲ್ಲ. ದೊಡ್ಡ ಕೆರೆಯನ್ನು ಕಟ್ಟಿಸಿದವರು ಅದಕ್ಕೆ ಸಮುದ್ರವೆಂದು ಹೆಸರಿಡುತ್ತಿದ್ದುದು ಶಾಸನಗಳಿಂದ ಪ್ರಸಿದ್ಧವಾಗಿದೆ; ಆ ಹೆಸರೇ ಜನರ ಬಾಯಲ್ಲಿ ಸವೆದು ‘ಸಂದ್ರ’ವಾಯಿತು. ಶಿರಾ ತಾಲ್ಲೂಕಿನ ಬ್ರಹ್ಮಸಂದ್ರ, ಕೊರಟಗೆರೆ ತಾಲ್ಲೂಕಿನ ಇರಕಸಂದ್ರ, ಈ ಊರುಗಳ ಮಕ್ಕಳು ದಿನವೂ ಸಮುದ್ರದ ಹೆಸರನ್ನು ಹೇಳುತ್ತಲೇ ಇದ್ದಾರೆ. ದೇವರಾಯನದುರ್ಗದಲ್ಲಿ ಹುಟ್ಟುವ ಜಯಮಂಗಲಿಯು ಕೊರಟಗೆರೆ, ಮಧುಗಿರಿ ಸೀಮೆಗಳಲ್ಲಿ ಹರಿದು ಉತ್ತರಪಿನಾಕಿನಿಯನ್ನು ಕೂಡಿ, ನೆಲ್ಲೂರನ್ನು ದಾಟಿ ಪೂರ್ವಸಮುದ್ರವನ್ನು ಸೇರುತ್ತದೆ. ಬಹುಪಾಲು ತಿಂಗಳುಗಳಲ್ಲಿ ಆ ಹೊಳೆಯಲ್ಲಿ ಮರಳಿರುವುದೇ ಹೊರತು ನೀರಿರುವುದಿಲ್ಲವೆಂಬುದು ಬೇರೆಯ ಮಾತು. ನಾಲ್ಕನೆಯ ತರಗತಿಯ ಭೂಗೋಳಕ್ಕೆ ಅದು ಅಡ್ಡಿಯಾಗಲಾರದು.

ಇನ್ನು ಹಕ್ಕಿಯ ಕೂಗು. ಕಡಲಹಕ್ಕಿಗಾಗಿ ಹುಡುಕಬೇಕಾದ ಪ್ರಮೇಯವಿಲ್ಲ. ಶಿರಾ ತಾಲ್ಲೂಕಿನ ಕಗ್ಗಲಡು ಗ್ರಾಮದ ಹುಣಿಸೆಮರಗಳಲ್ಲಿ ಬಣ್ಣದ ಕೊಕ್ಕರೆಗಳು ಬಂದು ಗೂಡು ಕಟ್ಟುತ್ತವೆ, ಊರವರು ಅವುಗಳನ್ನು ಕಾಪಾಡಿಕೊಂಡು ಬಂದಿದ್ದಾರೆ. ಆ ಹಕ್ಕಿಗೆ ಬೆಳೆದಮೇಲೆ ಸ್ವರವು ಇಲ್ಲವೆನ್ನುವಷ್ಟು ಅಲ್ಪ. ಗೂಡಿನಲ್ಲಿ ಕೊಕ್ಕುಗಳನ್ನು ಕಟಕಟನೆ ಬಡಿದು ಮಾತಾಡುತ್ತದೆ. ಗದ್ದಲವೆಲ್ಲ ಮರಿಗಳದು. ಕೋಲಾಟದ ಎರಡು ಕೋಲುಗಳಿಂದ ಹಿರಿಯ ಕೊಕ್ಕರೆ, ಮಕ್ಕಳ ಗಂಟಲಿನಿಂದ ಮರಿಕೊಕ್ಕರೆ, ಹೀಗೆ ಪಾತ್ರಗಳನ್ನು ಹಂಚಿದರೆ ಅದೊಂದು ಪೂರ್ಣವಾದ ಧ್ವನಿಚಿತ್ರವಾಗುತ್ತದೆ. ಮಕ್ಕಳು ತಮ್ಮ ಪಾತ್ರವನ್ನು ಕಲಿಯಬೇಕಾದ ಆವಶ್ಯಕತೆಯೂ ಬೀಳದು! ಪಾವಗಡದ ತಿರುಮಣಿ ಸುತ್ತಿನಲ್ಲಿ ೨೦೧೮ರಿಂದೀಚೆಗೆ ಸುಮಾರು ೧೩,೦೦೦ ಎಕರೆ ನೆಲದ ಮೇಲೆ ಸೂರ್ಯಶಕ್ತಿಯ ಫಲಕಗಳು ಹರಡಿ, ದೂರಕ್ಕೆ ನೀರಿನಂತೆ ಹೊಳೆಯುತ್ತವೆ. ಅದು ಸದ್ದಿಲ್ಲದ ಕಡಲು. ಕುರಿಮಂದೆಯ ಗಂಟೆಯೂ ಮೇಯಿಸುವವನ ಕೂಗೂ ಅಲ್ಲಿ ಕಡಮೆಯಾದುವೆಂಬುದನ್ನು ಗಮನಿಸಬಲ್ಲ ಕಿವಿಯನ್ನು ಶಾಲೆಯು ಕೊಟ್ಟರೆ ಅದೂ ವಿದ್ಯೆಯೇ.

ಈ ಪಾಠದ ಎರಡನೆಯ ಅಂಗವಾದ ನಾಡಹಾಡಿನ ಕಡೆಗೆ ಈಗ ತಿರುಗಬಹುದು. ಹಂಗೆರಿಯ ಜೋಲ್ತಾನ್ ಕೊದಾಯಿ (೧೮೮೨–೧೯೬೭) ತನ್ನ ಮಿತ್ರ ಬಾರ್ತೋಕನೊಡನೆ ಹಳ್ಳಿಹಳ್ಳಿಯನ್ನು ತಿರುಗಿ ಹಾಡುಗಳನ್ನು ಕೂಡಿಸಿ, ಮಗುವಿಗೆ ಸಂಗೀತದಲ್ಲಿಯೂ ಒಂದು ಮಾತೃಭಾಷೆಯುಂಟು, ಅದು ಜನರ ಹಾಡೇ ಎಂದು ಸಾಧಿಸಿದನು. ಕನ್ನಡದಲ್ಲಿ ಹಲಸಂಗಿಯ ಗೆಳೆಯರು ೧೯೩೧ರಲ್ಲಿ ‘ಗರತಿಯ ಹಾಡು’ ಎಂಬ ಸಂಕಲನವನ್ನು ಹೊರತಂದಾಗ ಓದಿದವರಿಗೆ ಅಂತಹ ಕಣ್ಣೇ ತೆರೆಯಿತು. ಆದರೆ ಅಚ್ಚಾದ ಹಾಡಿಗೆ ಒಂದು ಕುಂದು ಅನಿವಾರ್ಯ: ಅದರಿಂದ ಬೀಸುವ ಕಲ್ಲಿನ ಸದ್ದು ಬಿದ್ದುಹೋಗುತ್ತದೆ. ಬೀಸುವ ಪದದ ಸಾಲು ಅಷ್ಟೇ ಉದ್ದವಿರುವುದಕ್ಕೆ ಛಂದಸ್ಸಿನ ಲಕ್ಷಣಗ್ರಂಥವು ಕಾರಣವಲ್ಲ, ಕೈಯ ಸುತ್ತು ಕಾರಣ. ಹಿಟ್ಟಿನ ಗಿರಣಿ ಬಂದಮೇಲೆ ಕಲ್ಲು ಮೂಲೆ ಸೇರಿತು, ಪದಕ್ಕೆ ಕೆಲಸ ತಪ್ಪಿತು. ಕರಾವಳಿಯಲ್ಲಿಯೂ ಇದೇ ಕಥೆ. ಹತ್ತಾರು ಜನ ದಡದಲ್ಲಿ ನಿಂತು ರಂಪಣಿ ಬಲೆಯನ್ನು ಎಳೆಯುವಾಗಿನ ಕೂಗು, ೧೯೭೦ರ ದಶಕದಲ್ಲಿ ಯಂತ್ರದ ದೋಣಿಗಳ ಬಲೆ ಬಂದಮೇಲೆ ಕ್ರಮಕ್ರಮವಾಗಿ ಅಡಗಿತು.

ಈ ಕಾರಣದಿಂದ ಕೆಲಸ ತಪ್ಪಿದ ಹಾಡನ್ನು ಶಾಲೆಯು ಬರಿಯ ರಾಗವಾಗಿ ಕಲಿಸಿದರೆ ಅದು ಬೇರು ಕಡಿದ ಗಿಡದಂತೆ ನಾಲ್ಕು ದಿನ ಹಸಿರಾಗಿರುತ್ತದೆ. ಪ್ರತಿಭಾ ಕಾರಂಜಿಯಂತಹ ಸ್ಪರ್ಧೆಗಳಲ್ಲಿ ಜನಪದಗೀತೆಗೆ ಸ್ಥಾನವಿರುವುದು ಸಂತೋಷದ ವಿಷಯ. ಆದರೆ ಸ್ಪರ್ಧೆಯೆಂದಕೂಡಲೇ ಹಾಡು ಒಬ್ಬನದಾಗುತ್ತದೆ. ಉಳಿದ ಮೂವತ್ತು ಮಕ್ಕಳು ಚಪ್ಪಾಳೆಯವರಾಗುತ್ತಾರೆ. ವೇಷಕ್ಕೂ ಕೈಬೀಸಿಗೂ ಅಂಕಗಳು ದೊರೆಯುತ್ತವೆ. ಸೋಬಾನೆಯೂ ಕೋಲಾಟದ ಪದವೂ ಎಂದೂ ಒಬ್ಬರ ಸೊತ್ತಾಗಿರಲಿಲ್ಲ. ಒಬ್ಬಳು ಹೇಳಿಕೊಡುವಳು, ಉಳಿದವರು ಸೊಲ್ಲೆತ್ತುವರು. ಕಂಠವಿಲ್ಲದವಳಿಗೂ ಅಲ್ಲಿ ಸೊಲ್ಲಿತ್ತು. ಚಳ್ಳಕೆರೆ ತಾಲ್ಲೂಕಿನ ಯಲಗಟ್ಟಿ ಗೊಲ್ಲರಹಟ್ಟಿಯ ಸಿರಿಯಜ್ಜಿ ಅಕ್ಷರವರಿಯದೆ ಸಾವಿರಾರು ಪದಗಳನ್ನು ನೆನಪಿನಲ್ಲಿಟ್ಟುಕೊಂಡದ್ದು ಬಹುಮಾನಕ್ಕಾಗಿ ಅಲ್ಲ. ಶಿರಾ ಸೀಮೆಯ ಕಾಡುಗೊಲ್ಲರು ಉದ್ದನೆಯ ಬಿದಿರ ಗಣೆಯನ್ನು ಊದುತ್ತ ಜುಂಜಪ್ಪನ ಮಹಾಕಾವ್ಯವನ್ನು ಹಾಡುವರು. ಅದನ್ನು ಶಿಶುಗಳಿಗೆ ಕಲಿಸತಕ್ಕದ್ದಲ್ಲ, ದೂರದಿಂದ ಕೇಳಿಸತಕ್ಕದ್ದು.

ಶಿಶುಗಳಿಗೆ ಯೋಗ್ಯವಾದ ನಾಡಹಾಡು ಯಾವುದೆಂದರೆ, ಅವರೇ ಅದರ ಒಡೆಯರಾಗಿರುವಂಥದು. ಮಳೆರಾಯನ ಪದ ಅಂತಹುದು. ಮಳೆ ತಡೆದಾಗ ಮಣ್ಣಿನಿಂದ ಮಳೆರಾಯನನ್ನು ಮಾಡಿ, ಹಲಗೆಯ ಮೇಲಿಟ್ಟು, ಹುಡುಗನೊಬ್ಬನ ತಲೆಯ ಮೇಲೆ ಹೊರಿಸಿ ಮಕ್ಕಳು ಮನೆಮನೆಗೆ ಹೋಗಿ ಹಾಡುವರು; ಮನೆಯಾಕೆ ಮೇಲಿಂದ ಒಂದು ಚೆಂಬು ನೀರು ಸುರಿದು ರಾಗಿ ನೀಡುವಳು. ಹಾಡಿದೆ, ನೀರಿನ ಸದ್ದಿದೆ, ಮೈ ನೆನೆದ ಹುಡುಗನ ಕಿರಿಚಾಟವಿದೆ, ಹಿರಿಯರ ನಿಜವಾದ ಸಂಕಟವೂ ಇದೆ. ಶೇಫರನು ಪ್ರಯೋಗದಿಂದ ಕಟ್ಟಬೇಕೆಂದಿದ್ದುದು ಇಲ್ಲಿ ಆಚಾರವಾಗಿಯೇ ನಿಂತಿತ್ತು. ನೀರಿಲ್ಲದ ಸೀಮೆಯ ಮಕ್ಕಳು ನೀರಿನ ಧ್ವನಿಚಿತ್ರವನ್ನು ಬೀದಿಯಲ್ಲಿ ರಚಿಸುತ್ತಿದ್ದರು! ಕಡಲಪಾಠವು ಈ ಪದದಿಂದ ಆರಂಭವಾಗಿ, ಕೆರೆಯ ಕೋಡಿಗೆ ಹೋಗಿ, ಜಯಮಂಗಲಿಯಲ್ಲಿ ಹರಿದು ಕಡಲನ್ನು ಮುಟ್ಟಿದರೆ ಅದಕ್ಕೆ ಕ್ರಮವುಂಟು. ಮೊದಲೇ ಕಡಲಿಗೆ ಹಾರುವುದು ಲಘುಕೌಮುದಿಯನ್ನು ಬಿಟ್ಟು ಮಹಾಭಾಷ್ಯವನ್ನು ಹಿಡಿದಂತೆ.

ಇಷ್ಟಕ್ಕೆಲ್ಲ ಶಾಲೆಯಲ್ಲಿ ಅವಕಾಶವೆಲ್ಲಿ ಎಂದು ಕೇಳುವವರುಂಟು. ೧೯೯೫ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಹುಟ್ಟಿದ ‘ನಲಿಕಲಿ’ ಪದ್ಧತಿಯನ್ನು ೨೦೦೯–೧೦ರಲ್ಲಿ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳ ಕೆಳತರಗತಿಗಳಿಗೆ ವಿಸ್ತರಿಸಿದಾಗ ಹಾಡಿಗೆ ವೇಳಾಪಟ್ಟಿಯಲ್ಲಿಯೇ ಎಡೆ ದೊರೆಯಿತು. ಎಡೆಯಿದೆ, ಕಿವಿ ಬೇಕಾಗಿದೆ. ಪಕ್ಕದ ಕೊಠಡಿಗೆ ಗಲಾಟೆಯಾಗುವುದೆಂಬ ಆಕ್ಷೇಪಣೆಯು ನಿಜ. ಅದಕ್ಕೆ ಕೆರೆಯ ಏರಿಯೇ ಪರಿಹಾರ.

ಕಠಿನವಾದ ಪ್ರಶ್ನೆ ಪಾವಗಡದ್ದು. ಮೂರು ಕಡೆಯೂ ಆಂಧ್ರದಿಂದ ಸುತ್ತುವರಿಯಲ್ಪಟ್ಟ ಆ ತಾಲ್ಲೂಕಿನಲ್ಲಿ ಬಹಳ ಮಕ್ಕಳ ಮನೆಮಾತು ತೆಲುಗು. ಶಾಲೆಯ ಮಾತು ಕನ್ನಡ. ಕೊದಾಯಿಯ ಸೂತ್ರವನ್ನು ಪ್ರಾಮಾಣಿಕವಾಗಿ ಒಪ್ಪಿದವರು ಅಲ್ಲಿಯ ಮಗುವಿನಿಂದ ಅದರ ಅಜ್ಜಿಯ ತೆಲುಗು ಪದವನ್ನೇ ಮೊದಲು ಹಾಡಿಸಬೇಕಾಗುತ್ತದೆ. ಕನ್ನಡಾಭಿಮಾನಿಗಳು ಇದಕ್ಕೆ ಹುಬ್ಬು ಗಂಟಿಕ್ಕಬಹುದು. ಆದರೆ ಮೂಕನಾಗಿ ಕುಳಿತ ಮಗುವಿಗೆ ಯಾವ ಭಾಷೆಯೂ ಬರುವುದಿಲ್ಲ; ಬಾಯಿ ತೆರೆದ ಮಗುವು ಎರಡನ್ನೂ ಕಲಿಯುತ್ತದೆ. ಅನುಕರಣ ಶಬ್ದಗಳಾದರೋ ಗಡಿಯನ್ನು ಅರಿಯವು. ಗಲಗಲವೂ ಗಡಗಡವೂ ಎರಡು ಭಾಷೆಗಳಿಗೂ ಸಮಾನವಾದ ಆಸ್ತಿ. ಅಲ್ಲಿಯ ಉಪಾಧ್ಯಾಯರು ಸದ್ದಿನಿಂದ ತೊಡಗಿ, ತೆಲುಗು ಪದವೊಂದನ್ನು ಹಾಡಿಸಿ, ಅದೇ ಧಾಟಿಯ ಕನ್ನಡ ಪದವನ್ನು ಅದರ ಮಗ್ಗುಲಿಗೆ ತಂದರೆ ಸಾಕು. ಪಂಜೆಯವರು ಕೊಂಕಣಿಯನ್ನು ಮನೆಯಲ್ಲಿಯೂ ತುಳುವನ್ನು ಬೀದಿಯಲ್ಲಿಯೂ ಕೇಳುತ್ತ ಬೆಳೆದು ಕನ್ನಡದ ಮಕ್ಕಳಿಗೆ ಕವಿಯಾದವರು.